ಒಳಲೆಯಲ್ಲಿ ಕುಡಿದ ಸ್ಕಾಚ್

ಅಂಗನವಾಡಿಯ ಕೆಲಸದಲ್ಲಿ ನನಗೆ ಬಾಣಂತಿಯರ ಮನೆಗೆ ಹೋಗುವುದೂ ಸೇರಿದೆ. ಹೋಗಿ, ಬ್ರಾಂದಿ ಗೀಂದಿ ಕೊಡಬೇಡಿ, ಅದು ಎದೆಹಾಲಿಗೆ ಇಳಿದು ಕೂಸಿಗೆ ಸೇರುತ್ತದೆ ಎಂದು ಮನೆಯ ಮುದುಕಿಯರಿಗೆ ತಿಳಿಹೇಳಬೇಕು. ಹೇಳುತ್ತೇನೆ. ಗದರಿಸಿಯೇ ಹೇಳುತ್ತೇನೆ. ಹೇಳಿ ಹೊರಗೆ ಬಂದು ಚಪ್ಪಲಿ ಮೆಟ್ಟುವಾಗ ಮಾತ್ರ ನಗು ತಡೆಯಲಾಗುವುದಿಲ್ಲ. ಯಾಕೆಂದರೆ ನನ್ನ ಬಾಣಂತನದಲ್ಲಿ ನಾನು ಕುಡಿದದ್ದು ಬೀದಿ ಅಂಗಡಿಯ ಬ್ರಾಂದಿಯನ್ನಲ್ಲ, ಮೂವತ್ತು ವರ್ಷ ಮರದ ಪೀಪಾಯಿಯಲ್ಲಿ ಮಲಗಿ ಎದ್ದ ಸ್ಕಾಟ್ಲೆಂಡಿನ ಸಿಂಗಲ್ ಮಾಲ್ಟ್ ವಿಸ್ಕಿಯನ್ನು. ತಿಳಿದವರು ಅದನ್ನು ಕುಡಿಯುವುದಕ್ಕೆ ಬೇರೆಯೇ ಗಾಜಿನ ಲೋಟ ಬೇಕು, ಎರಡೇ ಹನಿ ನೀರು ಸೋಕಿಸಬೇಕು, ಮೊದಲು ಮೂಸಬೇಕು ಎನ್ನುತ್ತಾರೆ. ನಾನು ಕುಡಿದದ್ದು ಒಳಲೆಯಲ್ಲಿ. ಎಳೆ ಕೂಸಿನ ಬಾಯಿಗೆ ಹಾಲು ಹನಿಸುತ್ತಾರಲ್ಲ, ಆ ಕೊಕ್ಕಿನ ಹಿತ್ತಾಳೆ ಬಟ್ಟಲು. ಅದೂ ಹಿಪ್ಪಲಿ ಹಾಕಿಸಿಕೊಂಡು.

ಎರಡು ಸಾವಿರದ ಇಸವಿ ಕಳೆದ ಮೇಲಿನ ಮಾತು. ಬಿಡದಿಯ ಸುತ್ತ ಕಾಂಪೌಂಡುಗಳು ಒಂದರ ಬೆನ್ನಿಗೊಂದು ಏಳುತ್ತಿದ್ದವು. ನಮ್ಮ ಊರಿನ ರಾಗಿ ಹೊಲಗಳಲ್ಲಿ ಅರ್ಧ ಅವುಗಳ ಒಳಗೆ ಹೋಗಿ, ನೇಗಿಲು ಹಿಡಿದವರ ಮಕ್ಕಳೆಲ್ಲ ಸ್ಟೇರಿಂಗ್ ಹಿಡಿದಿದ್ದರು. ನಮ್ಮವರೂ ಹಾಗೆಯೇ. ಒಂದು ಕಾರ್ಖಾನೆಗೆ ಮಷಿನ್ ಕೂರಿಸಲು ಬಂದಿದ್ದ ವಯಸ್ಸಾದ ಸಾಹೇಬರೊಬ್ಬರನ್ನು ಬೆಂಗಳೂರಿನ ಬಾಡಿಗೆ ಮನೆಯಿಂದ ಬೆಳಗ್ಗೆ ಕರೆತಂದು ಸಂಜೆ ಬಿಟ್ಟುಬರುವ ಡ್ರೈವರ್ ಕೆಲಸ. ಸಾಹೇಬರು ಸ್ಕಾಟ್ಲೆಂಡಿನವರು. ಹೆಂಡತಿ ತೀರಿಹೋಗಿದ್ದರು, ಇದ್ದವಳು ಒಬ್ಬಳೇ ಮಗಳು. ಮೈಸೂರು ರಸ್ತೆಯ ಟ್ರಾಫಿಕ್ಕಿನಲ್ಲಿ ಗಂಟೆಗಟ್ಟಲೆ ಕೂತವರು ಎಷ್ಟು ದಿನ ಬಾಯಿ ಮುಚ್ಚಿಕೊಂಡಿರುತ್ತಾರೆ? ಇವರ ಮುರುಕು ಇಂಗ್ಲಿಷು, ಅವರ ನಾಲ್ಕು ಮಾತು ಕನ್ನಡ ಸೇರಿ ಮಾತು ಬೆಳೆದಿತ್ತು. ಇವರ ಹೆಂಡತಿಗೆ ದಿನ ತುಂಬುತ್ತಿದೆ, ಅವರ ಮಗಳಿಗೂ ದಿನ ತುಂಬುತ್ತಿದೆ ಎಂದು ಗೊತ್ತಾದ ಮೇಲಂತೂ ಇಬ್ಬರಿಗೂ ಬೇರೆ ವಿಷಯವೇ ಇರಲಿಲ್ಲವಂತೆ.

ಮಗಳ ಹೆರಿಗೆಗೆಂದು ಸಾಹೇಬರು ರಜೆ ಹಾಕಿ ಊರಿಗೆ ಹೊರಟರು. ಬಾಡಿಗೆ ಮನೆ ಖಾಲಿ ಮಾಡುವುದಿತ್ತು. ಸಾಮಾನೆಲ್ಲ ಪ್ಯಾಕಿಂಗಿನವರ ಕೈಗೆ ಹೋಯಿತು, ಒಂದು ಮರದ ಪೆಟ್ಟಿಗೆಯನ್ನು ಮಾತ್ರ ನಮ್ಮವರ ಕೈಗೆ ಕೊಟ್ಟರು. ಒಳಗಿದ್ದದ್ದು ಆ ಬಾಟಲಿ. ಮಗಳು ಹುಟ್ಟಿದ ವರ್ಷ ಪೀಪಾಯಿಗೆ ತುಂಬಿದ್ದ ವಿಸ್ಕಿಯಂತೆ. ಅವಳ ಮಗು ಹುಟ್ಟಿದ ಮೇಲೆ ಅಪ್ಪ ಮಗಳು ಕೂತು ಒಡೆಯಬೇಕೆಂದು ಕಾದಿಟ್ಟಿದ್ದು. ಹಾಗಾದರೆ ಈಗಲೇ ತೆಗೆದುಕೊಂಡು ಹೋಗಬಾರದೇ ಎಂದರೆ, ಮಗು ಹುಟ್ಟುವ ಮುಂಚೆ ಅದು ಆ ಮನೆ ಹೊಸಿಲು ದಾಟಬಾರದು ಎಂದು ಅವರ ಶಾಸ್ತ್ರ. ನಮ್ಮಲ್ಲಿ ಮುಂಚಿತವಾಗಿ ತೊಟ್ಟಿಲು ತರುವುದಿಲ್ಲವಲ್ಲ, ಹಾಗೆ. ಸಾಹೇಬರಾದರೇನು, ಹೆತ್ತವರಿಗೆ ಹೆದರಿಕೆ ಎಲ್ಲ ಕಡೆ ಒಂದೇ. ನಾನು ವಾಪಸ್ಸು ಬರುವವರೆಗೆ ಜೋಪಾನ ಎಂದರಂತೆ. ಇವರು ಆಗಲಿ ಎಂದು ಮಾತು ಕೊಟ್ಟು ತಂದರು.

ತಂದದ್ದೇನೋ ಸರಿ, ಇಡುವುದೆಲ್ಲಿ? ನಮ್ಮ ಮನೆಯಲ್ಲಿ ಅತ್ತೆ ಇದ್ದರು. ನಮ್ಮ ಮಾವ ಕುಡಿದು ಕುಡಿದೇ ಸತ್ತವರು. ಅವರ ದಿನ ಮುಗಿದ ಮೇಲೆ ಅತ್ತೆ ಮಗನ ತಲೆ ಮೇಲೆ ಕೈ ಇಟ್ಟು, ಈ ಮನೆಯೊಳಗೆ ಇನ್ನು ಬಾಟಲಿ ಕಾಣಬಾರದು ಎಂದಿದ್ದರು. ಪರರ ಸ್ವತ್ತು ಅಂತ ಹೇಳಿದರೂ ಅದು ಸೀದಾ ತಿಪ್ಪೆಗೇ ಹೋಗುತ್ತಿತ್ತು. ಹಾಗಾಗಿ ಇವರು ಯಾರಿಗೂ, ನನಗೂ ಹೇಳದೆ, ಪೆಟ್ಟಿಗೆಯನ್ನು ರಾಗಿ ತುಂಬುವ ಮಣ್ಣಿನ ವಾಡೆಯೊಳಗೆ ಹೂತಿಟ್ಟುಬಿಟ್ಟರು. ಆಳೆತ್ತರದ ವಾಡೆ, ತಳದವರೆಗೆ ಯಾರು ಕೈ ಹಾಕುತ್ತಾರೆ ಎಂಬ ಧೈರ್ಯ.

ಹೆಣ್ಣು ಮಗು ಹುಟ್ಟಿತು, ರಾಮನಗರದ ಆಸ್ಪತ್ರೆಯಲ್ಲಿ. ಮೊದಲ ಬಾಣಂತನ ತವರಿನಲ್ಲಾಗಬೇಕು. ನನ್ನ ತವರು ಅಕ್ಕೂರು. ಅಲ್ಲಿ ಮನೆ ತುಂಬ ರೇಷ್ಮೆ ಹುಳು, ಹುಳು ಸಾಕುವ ಅಪ್ಪ, ಅಣ್ಣಂದಿರು. ಅಮ್ಮ ನಾನು ಸ್ಕೂಲಿಗೆ ಹೋಗುವಾಗಲೇ ಹೋಗಿಬಿಟ್ಟಿದ್ದಳು. ಹುಳಕ್ಕೆ ಸೊಪ್ಪು ಹಾಕುವ ಗಂಡಸರು ಬಾಣಂತಿಗೆ ನೀರು ಹಾಕುತ್ತಾರೆಯೇ? ಬಾಣಂತನ ಅತ್ತೆಯ ಮೇಲೆ ಬಿತ್ತು. ಅತ್ತೆಗೂ ನನಗೂ ಅಷ್ಟಕ್ಕಷ್ಟೆ. ಅವರ ತವರು ಮಾಗಡಿ ಕಡೆಯ ಗುಡೇಮಾರನಹಳ್ಳಿ, ಅಲ್ಲಿಂದ ತಮ್ಮನ ಮಗಳನ್ನೇ ತರಬೇಕೆಂದಿದ್ದವರು. ನಾನು ಬಂದ ಮೇಲೆ ಬೈದವರಲ್ಲ, ಜಗಳಕ್ಕೆ ಬಂದವರಲ್ಲ. ಉಪ್ಪು ಎಲ್ಲಿ, ದನ ಕಟ್ಟಿದೆಯಾ, ಇಷ್ಟೇ ಮಾತು. ಆ ಮೌನಕ್ಕಿಂತ ಬೈಗುಳವೇ ವಾಸಿ ಅನ್ನಿಸುತ್ತಿತ್ತು.

ಮನೆಗೆ ಬಂದ ಮೇಲೆ ನನಗೆ ಚಳಿ ಜ್ವರ ಹಿಡಿಯಿತು. ನರ್ಸಮ್ಮ ಬಂದು ಮಾತ್ರೆ ಕೊಟ್ಟು ಹೋದರು. ಹಾಲು ಸರಿಯಾಗಿ ಇಳಿಯಲಿಲ್ಲ. ಕೂಸು ಅಳುತ್ತಿತ್ತು, ಅದರ ಜತೆಗೆ ನಾನೂ ಅಳುತ್ತಿದ್ದೆ. ಅಮ್ಮ ಇದ್ದಿದ್ದರೆ ಎಂದು ಅಳುತ್ತಿದ್ದೆ, ಅಷ್ಟೇ. ಅತ್ತೆ ಹಂಡೆ ನೀರು ಕಾಯಿಸಿ ಹುಯ್ದರು, ಲೋಬಾನದ ಹೊಗೆ ಹಾಕಿದರು, ಕಿವಿಗೆ ಹತ್ತಿ ತುರುಕಿ ತಲೆಗೆ ಬಟ್ಟೆ ಬಿಗಿದರು, ಮೆಣಸಿನ ಸಾರು ಕುಡಿಸಿದರು. ನಡುಕ ಮಾತ್ರ ನಿಲ್ಲಲಿಲ್ಲ. ಬಂದ ಹೆಂಗಸರೆಲ್ಲ ಒಂದೇ ಮಾತು, ಒಂದು ಕ್ವಾರ್ಟರ್ ಬ್ರಾಂದಿ ತರಿಸು, ಮೈ ಬೆಚ್ಚಗಾಗುತ್ತೆ. ಅದು ಅತ್ತೆಗೂ ಗೊತ್ತಿತ್ತು. ಗಂಡಸು ಕುಡಿದರೆ ಹೆಂಡ, ಬಾಣಂತಿ ಕುಡಿದರೆ ಔಷಧಿ, ಇದು ನಮ್ಮ ಸೀಮೆಯ ಲೆಕ್ಕ. ಆದರೆ ತರುವವರು ಯಾರು? ನನ್ನ ಬಾಯಿಂದಲೇ ನನ್ನ ಮಗನನ್ನು ಆ ಅಂಗಡಿ ಬಾಗಿಲಿಗೆ ಕಳಿಸಲೇ ಎಂದು ಅತ್ತೆ ನಡುಮನೆಯಲ್ಲಿ ಕೂತು ಹಲುಬುತ್ತಿದ್ದುದು ನನಗೆ ಕೇಳಿಸುತ್ತಿತ್ತು.

ಹಿಟ್ಟು ಮುಗಿದಿತ್ತು. ಮಿಲ್ಲಿಗೆ ಕಳಿಸಲು ಅತ್ತೆ ವಾಡೆಯಿಂದ ರಾಗಿ ಬಗೆದರು. ಒಳಗೆ ಏನೋ ಟಕ್ ಅಂದಿದೆ. ಸ್ವಲ್ಪ ಹೊತ್ತಿಗೆ ನನ್ನ ಕೋಣೆಯ ಬಾಗಿಲು ತಳ್ಳಿಕೊಂಡು ಬಂದರು. ತೋಳಿನ ತುಂಬ ರಾಗಿಯ ದೂಳು, ಕಂಕುಳಲ್ಲಿ ಪೆಟ್ಟಿಗೆ, ಕೈಯಲ್ಲಿ ಬಾಟಲಿ. ಮುಗಿಯಿತು ನಮ್ಮವರ ಕಥೆ ಎಂದುಕೊಂಡೆ. ನೋಡಿದರೆ ಮುದುಕಿಯ ಕಣ್ಣಲ್ಲಿ ನೀರು.

"ನೋಡಮ್ಮಿ, ನಿನ್ ಗಂಡ ತಂದು ಮಡಗವ್ನೆ. ನಂಗೆ ಹೆದ್ರಕಂಡು ವಾಡೇಲಿ ಬಚ್ಚಿಟ್ಟವ್ನೆ. ನನ್ ಬಾಣಂತನ್ದಾಗೆ ಇವ್ರಪ್ಪ ಒಂದ್ ಹಿಡಿ ಮೆಣಸು ತರ್ಲಿಲ್ಲ ಕಣಮ್ಮಿ. ತಾನ್ ಕುಡ್ದು ಬಂದು ನನ್ ಮಂಚದ ತಾವೇ ಬಿದ್ದಿರೋನು. ಇವ್ನು ಹೆಂಡ್ತಿಗೆ ಅಂತ ತಂದವ್ನೆ."

ಮೊದಲನೇ ಸಲ ಅತ್ತೆ ನನ್ನ ಹತ್ತಿರ ಅಷ್ಟುದ್ದ ಮಾತಾಡಿದ್ದು. ಮಗ ನಾಚಿಕೆಗೆ, ಹೆದರಿಕೆಗೆ ಬಚ್ಚಿಟ್ಟಿದ್ದಾನೆ ಎನ್ನುವುದರಲ್ಲಿ ಅವರಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ನನಗೂ ಇರಲಿಲ್ಲ. ಚೀಟಿಯ ಮೇಲಿನ ಇಂಗ್ಲಿಷ್ ಓದಿದೆ, ವಿಸ್ಕಿ ಎಂದಿತ್ತು, ಮೂವತ್ತು ಎಂದಿತ್ತು. ಕಾರ್ಖಾನೆಯಲ್ಲಿ ಯಾರನ್ನೋ ಕಾಡಿ ಬೇಡಿ ಒಳ್ಳೆಯದನ್ನೇ ತಂದಿದ್ದಾರೆ ನನ್ನ ಗಂಡ ಎಂದು ಜ್ವರದಲ್ಲೂ ಎದೆ ಉಬ್ಬಿತು.

ಬಿರಡೆ ಬರಲಿಲ್ಲ. ಅತ್ತೆ ಕುಡುಗೋಲಿನ ತುದಿ ಹಾಕಿ ಮೀಟಿದರು, ಅದು ಪುಡಿಪುಡಿಯಾಗಿ ಒಳಗೆ ಬಿತ್ತು. ಒಗೆದ ಪಂಚೆಯ ತುಂಡಿನಲ್ಲಿ ಎಲ್ಲವನ್ನೂ ಸೋಸಿ ಮತ್ತೆ ಬಾಟಲಿಗೆ ತುಂಬಿದರು. ಬೆಳಕಿಗೆ ಹಿಡಿದು, ಬಣ್ಣ ಚೆನ್ನಾಗಿದೆ, ಕಲಬೆರಕೆ ಇಲ್ಲ ಎಂದರು. ಒಳಲೆಗೆ ಬಗ್ಗಿಸಿ, ನನ್ನ ತಲೆಯನ್ನು ತಮ್ಮ ತೋಳಿನ ಮೇಲಿಟ್ಟುಕೊಂಡು, ಕೂಸಿಗೆ ಹಾಕುವ ಹಾಗೆಯೇ ಕೊಕ್ಕನ್ನು ತುಟಿಗೆ ಇಟ್ಟರು.

ಬ್ರಾಂದಿ ಎಂದರೆ ಗಂಟಲು ಸುಡುತ್ತದೆ ಎಂದು ಕೇಳಿ ಕಣ್ಣು ಮುಚ್ಚಿ ಸಿದ್ಧವಾಗಿದ್ದೆ. ಇದು ಸುಡಲಿಲ್ಲ. ಮೊದಲು ನಾಲಿಗೆಯ ತುದಿಗೆ ಆಲೆಮನೆಯ ಕೊಪ್ಪರಿಗೆಯ ಅಂಚಿನಲ್ಲಿ ಅಂಟಿ ಒಣಗಿದ ಪಾಕದ ರುಚಿ ಬಂತು. ಚಿಕ್ಕಂದಿನಲ್ಲಿ ಅದನ್ನು ಕೆರೆದು ತಿನ್ನುತ್ತಿದ್ದೆವು. ಆಮೇಲೆ ಎಲ್ಲೋ ದೂರದಲ್ಲಿ ಉರಿದು ಆರಿದ ಒಲೆಯ ಹೊಗೆ. ಆಮೇಲೆ ಮರ. ಹೌದು, ಮರದ್ದೇ ರುಚಿ. ಅಮ್ಮನ ಸೀರೆ ಇಡುತ್ತಿದ್ದ ಹಳೆಯ ಪೆಟ್ಟಿಗೆಯ ಮುಚ್ಚಳ ತೆಗೆದು ತಲೆ ಒಳಗೆ ಹಾಕಿದರೆ ಬರುತ್ತಿದ್ದ ವಾಸನೆ, ಅದು ಬಾಯೊಳಗೆ ಬಂತು. ನುಂಗಿದ ಮೇಲೂ ಹೋಗಲಿಲ್ಲ. ಎದೆಯೊಳಗೆ ಇಳಿದು, ಹೊಟ್ಟೆಯಲ್ಲಿ ಕೂತು, ಅಲ್ಲಿಂದ ಕಾಲಿನ ಬೆರಳಿನವರೆಗೆ ನಿಧಾನಕ್ಕೆ ಬೆಚ್ಚಗೆ ಹರಡಿತು. ನಾನು ಅಮ್ಮ ಅಂದೆ. ಅತ್ತೆ ಹೂ ಅಂದರು. ಅವರು ಹೂ ಅಂದದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. ಆವತ್ತು ಮಧ್ಯಾಹ್ನ ಮಲಗಿದವಳು ದೀಪ ಹಚ್ಚುವ ಹೊತ್ತಿಗೆ ಎದ್ದೆ, ಮೈ ಬೆವರಿತ್ತು, ನಡುಕ ನಿಂತಿತ್ತು, ರವಿಕೆ ಹಾಲಿನಿಂದ ಒದ್ದೆಯಾಗಿತ್ತು. ಜ್ವರ ಇಳಿದದ್ದು ನರ್ಸಮ್ಮನ ಮಾತ್ರೆಯಿಂದ ಎಂದು ಈಗ ನನಗೆ ಗೊತ್ತು. ಆವತ್ತು ಯಾರಾದರೂ ಹಾಗೆ ಹೇಳಿದ್ದರೆ ಹೊಡೆದುಬಿಡುತ್ತಿದ್ದೆ.

ಮಾರನೆಯ ದಿನ ಅತ್ತೆ ಚನ್ನಪಟ್ಟಣದ ಗ್ರಂಧಿಗೆ ಅಂಗಡಿಯಿಂದ ಹಿಪ್ಪಲಿ ತರಿಸಿ, ಮೆಣಸಿನ ಜತೆ ಜಜ್ಜಿ ಬಾಟಲಿಗೇ ಹಾಕಿದರು. ಬರಿಯದು ಸಪ್ಪೆಯಂತೆ, ಬೇರು ಕಾಯಿ ಬೀಳದೆ ಔಷಧಿ ಆಗುವುದು ಹೇಗೆ. ಬಿರಡೆಯ ಬದಲು ಮುಸುಕಿನ ಜೋಳದ ದಿಂಡಿಗೆ ಬಟ್ಟೆ ಸುತ್ತಿ ತುರುಕಿದರು. ಮರದ ಪೆಟ್ಟಿಗೆಯಲ್ಲಿ ಕೂಸಿನ ಎಣ್ಣೆ, ಕಾಡಿಗೆ, ಬಜೆ ಬೇರು ಕೂತವು. ದಿನಾ ನೀರು ಹಾಕಿ ಹೊಗೆ ಹಿಡಿದ ಮೇಲೆ ಒಂದು ಒಳಲೆ. ಕುಡಿಸಿ, ನನ್ನ ಕಾಲು ಒತ್ತುತ್ತ ಅತ್ತೆ ಮಾತಾಡುತ್ತಿದ್ದರು. ಅವರ ಬಾಣಂತನಗಳ ಕಥೆ, ಸತ್ತ ಒಂದು ಕೂಸಿನ ಕಥೆ, ಗುಡೇಮಾರನಹಳ್ಳಿಯ ಕಥೆ. ಇಷ್ಟೊಂದು ಮಾತನ್ನು ಮುದುಕಿ ಎಲ್ಲಿ ಬಚ್ಚಿಟ್ಟುಕೊಂಡಿದ್ದಳೋ. ಹೊರಗೆ ಹೋದರೆ ಬೀದಿಗೆಲ್ಲ ಒಂದೇ ಡಂಗುರ, ನನ್ನ ಮಗ ಹೆಂಡತಿಗೆ ಔಷಧಿ ತಂದ, ಫಾರಿನ್ ಬ್ರಾಂದಿ ತಂದ, ಅವರಪ್ಪನ ಹಾಗಲ್ಲ ನನ್ನ ಮಗ.

ನಮ್ಮವರಿಗೆ ಮಾತ್ರ ಏನೂ ಗೊತ್ತಿರಲಿಲ್ಲ. ನಾಚಿಕೊಂಡಾನು, ಅವನ ಎದುರಿಗೆ ಆ ಮಾತು ಎತ್ತಬೇಡ ಎಂದು ಅತ್ತೆ ನನ್ನ ಬಾಯಿಗೆ ಬೀಗ ಹಾಕಿದ್ದರು. ಸಾಹೇಬರು ಇಲ್ಲದ ಕಾಲದಲ್ಲಿ ಇವರನ್ನು ಬೇರೆ ಗಾಡಿಗೆ ಹಾಕಿದ್ದರು, ಕನಕಪುರ, ಹಾರೋಹಳ್ಳಿ ಎಂದು ತಿರುಗಿ ಬಂದು ಬಾಗಿಲಲ್ಲೇ ನಿಂತು ಕೂಸಿನ ಮುಖ ನೋಡಿ ಹೋಗುತ್ತಿದ್ದರು. ಆ ಕೋಣೆಯ ಬೆಳ್ಳುಳ್ಳಿ, ಲೋಬಾನದ ನಡುವೆ ಯಾವ ವಿಸ್ಕಿಯ ವಾಸನೆ ಬಂದೀತು! ಸಾಹೇಬರು ಬರುತ್ತಿದ್ದಾರೆ ಎಂದು ಸುದ್ದಿ ಬಂದ ದಿನ ವಾಡೆಗೆ ಕೈ ಹಾಕಿದ್ದಾರೆ. ಭುಜದವರೆಗೆ ರಾಗಿ ದೂಳು ಮಾಡಿಕೊಂಡು ನನ್ನ ಬಾಗಿಲಿಗೆ ಬಂದವರ ಮುಖ ಬಿಳಿಚಿಹೋಗಿತ್ತು. ಅತ್ತೆ ಹಿತ್ತಲಲ್ಲಿದ್ದರು. ನಾನು ಮಂಚದ ಕೆಳಗಿನಿಂದ ಬಾಟಲಿ ತೆಗೆದು ತೋರಿಸಿದೆ. ಅರ್ಧಕ್ಕಿಂತ ಒಂದಿಷ್ಟು ಕಡಿಮೆ ಉಳಿದಿತ್ತು, ಹಿಪ್ಪಲಿ ಊದಿಕೊಂಡು ತೇಲುತ್ತಿತ್ತು. ಹೊಸಿಲ ಮೇಲೆ ಕೂತರು. ಆಗ ಎಲ್ಲ ಹೇಳಿದರು.

ನಾನು ಬಾಟಲಿಯನ್ನು ಮಂಚದ ಕೆಳಕ್ಕೆ ತಳ್ಳಿ ಮುಖ ತಿರುಗಿಸಿದೆ. ಸಾಹೇಬರ ಬಾಟಲಿ ಹೋಯಿತಲ್ಲ ಎಂದಲ್ಲ. ಅದು ನನಗೆ ತಂದದ್ದಲ್ಲವಲ್ಲ ಎಂದು. ದಿನಾ ಒಂದೊಂದು ಒಳಲೆ ಕುಡಿಯುವಾಗಲೂ ಇವರ ಮೇಲೆ ಪ್ರೀತಿ ಹೆಚ್ಚಿಸಿಕೊಂಡಿದ್ದೆ. ಸಿಟ್ಟಿನಲ್ಲಿ, ಹೋಗಿ ನಿಮ್ಮವ್ವನಿಗೂ ಹೇಳಿ, ಊರೆಲ್ಲ ಸಾರುತ್ತಿದ್ದಾರೆ ಎಂದೆ. ಇವರು ತೋಳಿನ ರಾಗಿ ದೂಳು ಒರೆಸಿಕೊಂಡರು.

"ಅವ್ವಂಗೆ ಹೇಳಾಕಿಲ್ಲ ಕಣೆ. ಸಾಹೇಬ್ರಿಗೆ ಹೇಳ್ತೀನಿ. ಕೆಲ್ಸ ಹೋದ್ರೆ ಇನ್ನೊಂದು ಗಾಡಿ ಸಿಗ್ತದೆ. ನಾನು ನಮ್ಮಪ್ಪನಂಗಲ್ಲ ಅಂತ ಅವ್ವ ಈಗ ನಂಬೈತೆ. ಅದ್ನ ಕಿತ್ಕಂಡ್ರೆ ಇನ್ನೊಂದ್ಸಲ ಬರಾಕಿಲ್ಲ."

ನನ್ನ ಸಿಟ್ಟು ಅಲ್ಲೇ ಇಳಿದುಹೋಯಿತು. ಬಾಟಲಿ ತರದಿದ್ದರೆ ಏನಂತೆ, ಗಂಡ ಒಳ್ಳೆಯವನೇ ಸಿಕ್ಕಿದ್ದ.

ಏರ್‌ಪೋರ್ಟಿನಿಂದ ಬರುವಾಗ ಕಾರಿನಲ್ಲೇ ಸಾಹೇಬರಿಗೆ ಹೇಳಿದರಂತೆ. ವಾಡೆ, ಅವ್ವ, ಅಪ್ಪ, ಹಿಪ್ಪಲಿ, ಒಂದನ್ನೂ ಬಿಡಲಿಲ್ಲ. ಸಾಹೇಬರು ಕಿಟಕಿಯ ಹೊರಗೆ ನೋಡುತ್ತ ಕೂತರು. ಕೇಳಿದ್ದು ಒಂದೇ: ಹೆಂಡತಿ ಈಗ ಹೇಗಿದ್ದಾಳೆ? ಚೆನ್ನಾಗಿದ್ದಾಳೆ ಎಂದಾಗ, ಭಾನುವಾರ ಕೂಸು ನೋಡಲು ಬರುತ್ತೇನೆ ಎಂದರು. ಬೈದಿದ್ದರೆ ವಾಸಿ ಇತ್ತು, ಭಾನುವಾರದವರೆಗೆ ನಮ್ಮಿಬ್ಬರಿಗೂ ಅನ್ನ ಇಳಿಯಲಿಲ್ಲ. ಅತ್ತೆಯ ಎದುರಿಗೆ ಅವರು ಒಂದು ಮಾತು ಆಡಿದರೆ ಮುಗಿಯಿತಲ್ಲ.

ಬಂದರು. ಕೂಸಿಗೊಂದು ಉಣ್ಣೆಯ ಟೋಪಿ ತಂದಿದ್ದರು. ಅತ್ತೆ ಪಡಸಾಲೆಯಲ್ಲಿ ಕುರ್ಚಿ ಹಾಕಿ ಮಜ್ಜಿಗೆ ಕೊಟ್ಟರು. ನಾನು ಕೋಣೆಯ ಬಾಗಿಲ ಸಂದಿಯಲ್ಲಿ ನಿಂತು ನೋಡುತ್ತಿದ್ದೆ. ಅತ್ತೆ ಕೂಸನ್ನು ಎತ್ತಿ ತೋರಿಸಿದರು, ಎಣ್ಣೆಯ ಪೆಟ್ಟಿಗೆ ತೋರಿಸಿದರು, ಆಮೇಲೆ ಬಾಟಲಿಯನ್ನೂ ತಂದು ತೋರಿಸಿ, ನನ್ನ ಮಗ ಹೆಂಡತಿಗೆ ತಂದದ್ದು ಎಂದು ಹೇಳು ಎಂದು ಮಗನಿಗೇ ಹೇಳಿದರು. ನಮ್ಮವರು ತಲೆ ತಗ್ಗಿಸಿ ಅದನ್ನು ಇಂಗ್ಲಿಷಿನಲ್ಲಿ ಹೇಳಿದರು. ಸಾಹೇಬರು ಬಾಟಲಿಯನ್ನೂ ಜೋಳದ ದಿಂಡನ್ನೂ ನೋಡಿದರು. ಮೆಲ್ಲಗೆ ಏನೋ ಕೇಳಿದರು. ಒಂದು ಗುಟುಕು ರುಚಿ ನೋಡಬಹುದೇ ಎಂದು.

"ಆಗಕಿಲ್ಲ ಅನ್ನು. ಈ ಮನೇಲಿ ಗಂಡಸ್ರಿಗೆ ಕೊಡಾಕಿಲ್ಲ. ಇದು ಬಾಣಂತಿ ಔಷಧಿ."

ತನ್ನದೇ ಬಾಟಲಿಯ ಗುಟುಕಿಗೆ ಕೈಯೊಡ್ಡಿ ಇಲ್ಲ ಅನ್ನಿಸಿಕೊಂಡ ಮನುಷ್ಯ ಏನು ಮಾಡಬೇಕು? ಸಾಹೇಬರು ಸರಿ ಸರಿ ಎಂದು ತಲೆಯಾಡಿಸಿ ಮಜ್ಜಿಗೆ ಕುಡಿದರು. ನನಗೆ ಬಾಯಿಗೆ ಸೆರಗು ಒತ್ತಿಕೊಳ್ಳುವಷ್ಟು ನಗು, ಅದರ ಹಿಂದೆಯೇ ಅಳು. ಅತ್ತೆ ಪಾಪ, ಮಾತು ಬೆಳೆಸಲೆಂದು, ನಿಮ್ಮ ಮಗಳ ಬಾಣಂತನ ಯಾರು ಮಾಡುತ್ತಿದ್ದಾರೆ ಎಂದು ಕೇಳಿಸಿದರು. ಯಾರೂ ಇಲ್ಲ ಎಂದು ಉತ್ತರ ಬಂತು. ತಾಯಿ ಇಲ್ಲ. ಆಸ್ಪತ್ರೆಯಿಂದ ಬಂದ ದಿನವೇ ಎದ್ದು ಓಡಾಡಿದಳು, ಅವಳೇ ಬೇಯಿಸಿಕೊಳ್ಳುತ್ತಾಳೆ. ಅತ್ತೆ ಎದೆ ಮೇಲೆ ಕೈ ಇಟ್ಟುಕೊಂಡರು. ಹಸಿ ಮೈಯಲ್ಲಾ ಎಂದರು. ಆ ಚಳಿ ದೇಶದಲ್ಲಾ ಎಂದರು.

ಆಗ ನನಗೆ ಹೊಳೆಯಿತು. ಬಾಗಿಲ ಹಿಂದಿನಿಂದಲೇ ಗಟ್ಟಿಯಾಗಿ ಅಂದೆ.

"ಅತ್ತೆ, ನಂಗೆ ಈಗ ವಾಸಿ ಆಯ್ತಲ್ಲ. ಅದೂ ತಾಯಿಲ್ಲದ ಹೆಣ್ಣು. ಮಿಕ್ಕಿದ್ದು ಅವ್ಳಿಗೆ ಕಳ್ಸಿ."

ಅತ್ತೆ ನನ್ನ ಕಡೆ ತಿರುಗಿ ಒಂದು ಗಳಿಗೆ ನೋಡಿದರು. ಆಮೇಲೆ ಸರಸರ ಎದ್ದರು. ಬಾಟಲಿಯ ದಿಂಡನ್ನು ಬಿಗಿಯಾಗಿ ತುರುಕಿ, ಮೇಲೊಂದು ಬಟ್ಟೆ ಕಟ್ಟಿದರು. ಹಿಪ್ಪಲಿಯ ಪೊಟ್ಟಣ ಬೇರೆ. ಊಟದ ಮೇಲೆ ಒಂದೇ ಒಳಲೆ, ಕಿವಿಗೆ ಹತ್ತಿ ಇಟ್ಟುಕೊಳ್ಳಬೇಕು, ತಣ್ಣೀರು ಮುಟ್ಟಬಾರದು ಎಂದು ಮಗನ ಬಾಯಲ್ಲಿ ಹೇಳಿಸಿದರು. ಒಳಲೆ ಆ ದೇಶದಲ್ಲಿ ಸಿಗುತ್ತದೋ ಇಲ್ಲವೋ, ಲೋಟದಲ್ಲಿ ಕುಡಿದುಗಿಡಿದಾಳು ಎಂದು ನಮ್ಮ ಒಳಲೆಯನ್ನೇ ತಂದರು. ಕೊಡುವ ಮುಂಚೆ ಏನನ್ನಿಸಿತೋ, ಮಗಳಿಗೆ ಕೊಡುವ ಔಷಧಿಯನ್ನು ಅಪ್ಪ ರುಚಿ ನೋಡದೆ ಹೇಗೆ ಕೊಡುತ್ತಾನೆ ಎಂದು ತಮಗೆ ತಾವೇ ಹೇಳಿಕೊಂಡು, ದಿಂಡು ಬಿಚ್ಚಿ, ಒಳಲೆಗೆ ಸ್ವಲ್ಪ ಬಗ್ಗಿಸಿದರು.

ಸಾಹೇಬರು ಒಳಲೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಮೊದಲು ಮೂಸಿದರು. ಕೊಕ್ಕಿನಿಂದ ಕುಡಿಯಲು ಬಾರದೆ ಗಡ್ಡದ ಮೇಲೆ ಚೆಲ್ಲಿಕೊಂಡರು. ಹಿಪ್ಪಲಿ ತಗುಲಿ ಕೆಮ್ಮು ಬಂತು. ಕಣ್ಣು ಮುಚ್ಚಿದವರು ತೆಗೆಯಲೇ ಇಲ್ಲ, ರೆಪ್ಪೆಯ ಕೆಳಗಿಂದ ನೀರು ಇಳಿಯಿತು. ಹಿಪ್ಪಲಿಯ ಖಾರಕ್ಕೋ ಏನಕ್ಕೋ, ನಾನು ಹೇಳಲಾರೆ. ಒರಟು ದನಿಯಲ್ಲಿ ಏನೋ ಅಂದರು. ಜನ್ಮದಲ್ಲಿ ಇಂಥದ್ದು ಕುಡಿದಿರಲಿಲ್ಲವಂತೆ ಎಂದು ನಮ್ಮವರು ಹೇಳಿದರು.

"ಹೂ ಮತ್ತೆ. ನನ್ ಮಗ ತಂದಿದ್ದು" ಎಂದರು ಅತ್ತೆ.

ಸಾಹೇಬರು ಎದ್ದು ನಿಂತು, ತಮಗೆ ಬರುತ್ತಿದ್ದ ನಾಲ್ಕು ಮಾತು ಕನ್ನಡದಲ್ಲಿ, ಒಳ್ಳೆ ಮಗ ಅಮ್ಮ, ಒಳ್ಳೆ ಮಗ ಎಂದರು. ತಮ್ಮದೇ ಬಾಟಲಿಯನ್ನು ಅತ್ತೆಯ ಕೈಯಿಂದ ದಾನ ಪಡೆದು ಎದೆಗೆ ಅವುಚಿಕೊಂಡು ಕಾರು ಹತ್ತಿದರು. ನಮ್ಮವರ ಕೆಲಸಕ್ಕೆ ಏನೂ ಆಗಲಿಲ್ಲ, ಆ ವಿಷಯ ಕಾರಿನಲ್ಲಿ ಮತ್ತೆ ಬರಲೂ ಇಲ್ಲ. ಮುಂದಿನ ರಜೆ ಮುಗಿಸಿ ಬಂದಾಗ ಒಂದು ಫೋಟೊ ತಂದರು. ಬಿಳಿ ಹೆಣ್ಣೊಂದು ತಲೆಗೆ ಬಟ್ಟೆ ಕಟ್ಟಿಕೊಂಡು, ಮಡಿಲಲ್ಲಿ ಕೂಸು, ಕೈಯಲ್ಲಿ ನಮ್ಮ ಒಳಲೆ ಹಿಡಿದು ನಗುತ್ತಿದ್ದಾಳೆ. ಅದು ನಮ್ಮ ಗೋಡೆಯ ಮೇಲಿದೆ. ಮನೆಗೆ ಬಂದವರಿಗೆಲ್ಲ ಅತ್ತೆ ಅದನ್ನು ತೋರಿಸಿ, ನನ್ನ ಮಗ ತಂದ ಔಷಧಿ ಎಂದು ಶುರು ಮಾಡುತ್ತಿದ್ದರು. ಆಗೆಲ್ಲ ನಮ್ಮವರು ನೆಲ ನೋಡುತ್ತಿದ್ದರು.

ಆ ಮೂವರಿಗೂ ನಾನು ಋಣಿ. ಕುಡಿಸಿದವರಿಗೆ, ಬಾಯಿ ಬಿಡದ ಗಂಡನಿಗೆ, ಬಾಯಿ ಬಿಡಬಹುದಾಗಿದ್ದೂ ಬಿಡದ ಆ ಮುದುಕರಿಗೆ. ತಾಯಿ ಇಲ್ಲದವಳು ಎಂದು ನಾನು ಅತ್ತದ್ದು ಆ ಜ್ವರದ ದಿನಗಳೇ ಕೊನೆ.

ಅತ್ತೆ ಈಗಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಅವರ ಕೊನೆಯ ಚಳಿಗಾಲದಲ್ಲಿ ಒಂದು ಸಂಜೆ ಎರಡು ಕಂಬಳಿ ಹೊದ್ದರೂ ನಡುಕ ನಿಲ್ಲದೆ ಕೂತಿದ್ದರು. ನಾನು ಕಾಲು ಒತ್ತುತ್ತಿದ್ದೆ. ಇದ್ದಕ್ಕಿದ್ದಂತೆ, ಆವತ್ತು ನನ್ನ ಮಗ ತಂದಿದ್ದನಲ್ಲ, ಅದರಲ್ಲಿ ಒಂದು ಹನಿಯನ್ನೂ ನಾನು ಬಾಯಿಗೆ ಇಟ್ಟುಕೊಳ್ಳಲಿಲ್ಲ, ಹೆಂಗಿತ್ತಮ್ಮಿ ಎಂದು ಕೇಳಿದರು. ನಾನು ಹೇಳಿದೆ, ಆಲೆಮನೆಯ ಪಾಕ, ಹೊಗೆ, ಅಮ್ಮನ ಪೆಟ್ಟಿಗೆ. ನಮ್ಮವರು ಮೂಲೆಯಲ್ಲಿ ಕೂತು ಕೇಳುತ್ತಿದ್ದರು. ಎದ್ದು ಅಂಗಿ ಹಾಕಿಕೊಂಡು ಹೊರಗೆ ಹೋದರು. ತಲೆ ನರೆತ ಗಂಡಸು, ಹುಟ್ಟಿದ ಮೇಲೆ ಮೊದಲನೇ ಸಲ ವೈನ್ ಸ್ಟೋರಿನ ಮೆಟ್ಟಿಲು ಹತ್ತಿ, ಪೇಪರ್ ಸುತ್ತಿದ ಒಂದು ಕ್ವಾರ್ಟರ್ ಬ್ರಾಂದಿ ಹಿಡಿದುಕೊಂಡು ಬಂದರು. ಸ್ಕಾಟ್ಲೆಂಡಿಗೆ ಹೋದದ್ದರ ಬದಲು ಕೊಂಡಿದ್ದ ಒಳಲೆಗೆ ತಾವೇ ಬಗ್ಗಿಸಿ, ತಾಯಿಯ ತಲೆಯನ್ನು ತೋಳಿನ ಮೇಲಿಟ್ಟುಕೊಂಡು ಹನಿಸಿದರು.

ಅತ್ತೆ ಚಪ್ಪರಿಸಿದರು. ಮುಖ ಹಿಂಡಿಕೊಂಡು, ಆಮೇಲೆ ನಕ್ಕರು.

"ಆವತ್ತೂ ಇದೇ ಅಲ್ವೇನ್ಲಾ ತಂದಿದ್ದು?"

"ಹೂ ಕಣವ್ವ" ಎಂದರು ನಮ್ಮವರು, ನೆಲ ನೋಡದೆ.